ಗಾಳಿಗಿರಣಿಗೆ ಹಾಯಿ ಹೊಲಿದವಳು

ಕುವೈತಿನ ಮಹಬೂಲಾದಲ್ಲಿ ಕಡಲಿಗೆ ಮುಖ ಮಾಡಿ ನಿಂತ ಎತ್ತರದ ಕಟ್ಟಡಗಳಲ್ಲಿ ಒಂದರ ಕೆಳಗಡೆ, ಮೊಬೈಲ್ ರಿಪೇರಿ ಅಂಗಡಿಗೂ ದಿನಸಿ ಅಂಗಡಿಗೂ ನಡುವೆ, ಪುಷ್ಪಾವತಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಅಂಗಡಿ ಅವಳದಲ್ಲ. ಅದು ಯಾರ ಹೆಸರಿನಲ್ಲಿತ್ತೋ ಆ ಕಫೀಲ್ ಒಬ್ಬ ಕುವೈತಿ, ಯಾವಾಗಲಾದರೊಮ್ಮೆ ಬಂದು ಬಾಗಿಲಲ್ಲೇ ನಿಂತು ಕ್ಷೇಮ ಕೇಳಿ ಹೋಗುವವನು. ಒಳಗಿನ ಕಾರುಬಾರೆಲ್ಲ ಇವಳದೇ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಅಬಾಯಾದ ತೋಳು ಸರಿಪಡಿಸುವುದು, ಶಾಲೆಯ ಯೂನಿಫಾರ್ಮು, ನರ್ಸುಗಳ ಕೋಟು, ಕಿಟಕಿಯ ಪರದೆ. ಹೊಲಿದದ್ದು ಬಿಟ್ಟುಹೋಯಿತು ಎಂದು ಯಾರೂ ಮರಳಿ ತಂದದ್ದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವವಳಲ್ಲ ಅವಳು. ಆದರೆ ಹೆಮ್ಮೆ ಎಂದು ಕರೆಯಬಹುದಾದದ್ದು ಏನಾದರೂ ಅವಳಲ್ಲಿ ಇದ್ದರೆ ಅದು ಅದೊಂದೇ.

ಮೂಲ್ಕಿ ಕಡೆಯ ಹೆಂಗಸು. ಮದುವೆಯಾಗಿ ಕಮಲಾಕ್ಷನ ಹಿಂದೆ ಕುವೈತಿಗೆ ಬಂದ ಕಾಲದಲ್ಲಿ ಹೊಲಿಗೆ ಮೆಷಿನು ಹೊತ್ತು ಕಳೆಯಲು ಇಟ್ಟುಕೊಂಡ ಸಾಮಾನಾಗಿತ್ತು. ಕಮಲಾಕ್ಷ ಫಹಾಹೀಲಿನ ಹೋಟೆಲೊಂದರಲ್ಲಿ ಕ್ಯಾಶಿಗೆ ಕೂರುತ್ತಿದ್ದ. ಕೊರೊನಾ ವರ್ಷದಲ್ಲಿ ಜ್ವರ ಬಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಮುಖ ನೋಡಲಿಕ್ಕೂ ಬಿಡದ ದಿನಗಳು ಅವು. ಮಗಳು ಅಶ್ಮಿತಾ ಆಗ ಹೈಸ್ಕೂಲಿನಲ್ಲಿದ್ದಳು. ವಿಮಾನ ಶುರುವಾದ ಮೇಲೆ ಪರಿಚಯದವರೆಲ್ಲ ಊರಿಗೆ ಹೋಗಿಬಿಡಿ ಎಂದರು. ಊರಿಗೆ ಹೋಗಿ ಏನು ಮಾಡುವುದು ಎಂದು ಅವಳು ಕೇಳಿದಳು. ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಆಸರೆಯಲ್ಲಿ ಇದ್ದವಳು ಹೊಲಿಗೆ ಅಂಗಡಿಯ ಹೆಸರಿನಲ್ಲಿ ಇಕಾಮಾ ಮಾಡಿಸಿಕೊಂಡಳು. ಅಲ್ಲಿಂದ ಮುಂದೆ ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಇಷ್ಟು ವರ್ಷ ಕುವೈತಿನಲ್ಲಿದ್ದೂ ಅವಳು ಕಂಡ ಮರುಭೂಮಿ ಎಂದರೆ ಏರ್‌ಪೋರ್ಟಿನ ದಾರಿಯಲ್ಲಿ ಕಣ್ಣಿಗೆ ಬಿದ್ದಷ್ಟೇ.

ಹಾಯಿಯ ಕೆಲಸವನ್ನು ತಂದವನು ನಿಯಾಝ್. ಬಂಟ್ವಾಳದ ಬ್ಯಾರಿ, ಕಮಲಾಕ್ಷನಿಗೆ ಗೆಳೆಯನಾಗಿದ್ದವನು. ದಕ್ಷಿಣದ ವಫ್ರಾದ ತೋಟಗಳಿಂದ ಸೌತೆ, ಟೊಮೆಟೊ, ಸೊಪ್ಪು ತುಂಬಿಕೊಂಡು ಪಿಕಪ್ ಓಡಿಸುತ್ತಿದ್ದ. ಸೆಖೆ ಇಳಿಯತೊಡಗಿದ ದಿನಗಳಲ್ಲಿ ಒಂದು ಮಧ್ಯಾಹ್ನ ಬಂದು ಬಟ್ಟೆಯ ಗಂಟೊಂದನ್ನು ಅವಳ ಮೇಜಿನ ಮೇಲೆ ಹಾಕಿದ.

"ಪುಷ್ಪಕ್ಕ, ಇಂಥದ್ದು ಹೊಲಿಲಿಕ್ಕೆ ಆಗ್ತದಾ ನೋಡಿ."

ಬಿಚ್ಚಿ ನೋಡಿದರೆ ಮೂರು ಮೂಲೆಯ ದೊಡ್ಡ ಬಟ್ಟೆ. ಬಿಸಿಲಿಗೆ ಬಣ್ಣ ಸತ್ತು ಅಲ್ಲಲ್ಲಿ ಸವೆದಿತ್ತು. ಅಂಚಿನ ಒಳಗೆ ಹಗ್ಗವೊಂದನ್ನು ಸೇರಿಸಿ ಕೈಯಲ್ಲಿ ಹೊಲಿದಿದ್ದರು.

"ಎಂತದು ಇದು, ಟೆಂಟಿನದಾ?"

"ಟೆಂಟಲ್ಲ ಮಾರಾಯ್ರೆ, ಗಾಳಿಗಿರಣಿಯ ಹಾಯಿ. ವಫ್ರಾದಲ್ಲಿ ಬು ತಲಾಲ್ ಅಂತ ಒಬ್ರು ಅಜ್ಜ ಇದ್ದಾರೆ, ಅವರ ತೋಟದಲ್ಲಿ ಉಂಟು. ಗಾಳಿಗೆ ತಿರುಗ್ತದೆ, ಗೋಧಿ ಬೀಸ್ತದೆ. ಚಳಿಗಾಲದಲ್ಲಿ ಶಾಲೆ ಮಕ್ಕಳು, ಫ್ಯಾಮಿಲಿಯವರು ಎಲ್ಲ ನೋಡ್ಲಿಕ್ಕೆ ಬರ್ತಾರೆ. ಹಳೆ ಹಾಯಿ ಎಲ್ಲ ಖಲಾಸ್. ಹೊಸತು ಎಂಟು ಬೇಕಂತೆ."

"ಆಗ್ತದೆ. ಮೂರು ಮೂಲೆ, ಅಂಚು ಮಡಚಿದ್ರೆ ಆಯ್ತಲ್ಲ."

"ಒಮ್ಮೆ ಬಂದು ನೋಡಿ ಅಂತ ಅಜ್ಜ ಹೇಳಿದ್ದಾರೆ, ಬರ್ತೀರಾ? ಶುಕ್ರವಾರ ನಾನು ಹೋಗ್ತೇನೆ."

"ನೋಡ್ಲಿಕ್ಕೆ ಎಂತ ಉಂಟು? ಅಳತೆಗೆ ಇದು ಉಂಟಲ್ಲ," ಎಂದಳು ಪುಷ್ಪಾವತಿ.

ಅವಳು ಅಸಡ್ಡೆಯಿಂದ ಹೊಲಿಯಲಿಲ್ಲ, ಅದನ್ನು ಹೇಳಬೇಕು. ಕಾರು ನಿಲ್ಲಿಸುವ ಜಾಗಗಳಿಗೆ ನೆರಳು ಕಟ್ಟುವ ಗಟ್ಟಿಯಾದ ಬಟ್ಟೆಯನ್ನೇ ತರಿಸಿದಳು. ಬಟ್ಟೆ ಹಾಳಾಗದ ಹಾಗೆ ತುಂಡುಗಳನ್ನು ಒಂದಕ್ಕೊಂದು ತಿರುಗಿಸಿಟ್ಟು ಕತ್ತರಿಸಿದಳು. ಅಂಚಿನ ಹಗ್ಗದ ಮೇಲೆ ಮೆಷಿನಿನ ಸೂಜಿ ಓಡುವುದಿಲ್ಲ. ಅದು ಬಟ್ಟೆ ಸವೆಯದಿರಲಿ ಎಂದು ಹಿಂದಿನವರು ಮಾಡಿದ ಉಪಾಯವಿರಬೇಕು ಎಂದುಕೊಂಡು ಹಗ್ಗವನ್ನು ಬಿಟ್ಟು, ಬದಲಿಗೆ ಅಂಚನ್ನು ಎರಡು ಸಲ ಮಡಚಿ ಜೋಡಿ ಹೊಲಿಗೆ ಹಾಕಿದಳು. ಎಂಟೂ ಹಾಯಿಗಳು ಇಸ್ತ್ರಿ ಮಾಡಿದ ಪರದೆಗಳ ಹಾಗೆ ಚಂದ ಕಾಣುತ್ತಿದ್ದವು. ನಿಯಾಝ್ ಹೊಗಳಿಕೊಂಡೇ ತೆಗೆದುಕೊಂಡು ಹೋದ.

ಮುಂದಿನ ವಾರ ಅವನು ಬಂದಾಗ ಕೈಯಲ್ಲಿ ಎಂದಿನಂತೆ ಸೊಪ್ಪಿನ ಕಟ್ಟು ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಸುಮ್ಮನೆ ಕತ್ತರಿಯನ್ನು ಆಚೀಚೆ ಸರಿಸಿದ.

"ಹಾಯಿ ಹರಿದು ಹೋಯ್ತು ಪುಷ್ಪಕ್ಕ."

"ಯಾವುದು?"

"ಒಂದು ಮೊದಲು ಹರಿದದ್ದು. ಆ ಬಟ್ಟೆ ಹಾರಿ ಪಕ್ಕದ ಕೋಲಿಗೆ ಸುತ್ತಿಕೊಂಡಿತಂತೆ. ಚಕ್ರ ಒಂದು ಬದಿಗೆ ಎಳೀಲಿಕ್ಕೆ ಶುರುವಾಗಿ ಕೋಲು ಮುರೀತು. ಹಾಜಿ ಬ್ರೇಕಿನ ಹಗ್ಗ ಹಿಡ್ಕೊಂಡಿದ್ರು. ಅವರ ಬೆರಳು ಸಿಕ್ಕಿಬಿತ್ತು. ಎರಡು ಬೆರಳು ಮುರಿದಿದೆ, ಅಂಗೈ ಎಲ್ಲ ಸುಲಿದುಹೋಗಿದೆ."

ಹಾಜಿ ಎಂದರೆ ಗಿರಣಿ ನೋಡಿಕೊಳ್ಳುವ ಈಜಿಪ್ಟಿನ ಮುದುಕ, ಮಿತ್ವಲ್ಲಿ. ಪುಷ್ಪಾವತಿ ಅವನನ್ನು ಕಂಡವಳಲ್ಲ. ಆ ದಿನ ಉಳಿದ ಕೆಲಸವನ್ನು ಮುಗಿಸಿದಳು, ಗಿರಾಕಿಗಳೊಂದಿಗೆ ಎಂದಿನಂತೆಯೇ ಮಾತಾಡಿದಳು. ಮನೆಗೆ ಹೋಗಿ ಅಶ್ಮಿತಾಳ ತಟ್ಟೆಗೆ ಅನ್ನ ಬಡಿಸುವಾಗ ಮಾತ್ರ, ತಾನು ಹೊಲಿದದ್ದು ಒಬ್ಬರ ಕೈ ಮುರಿಯಿತು ಎಂದು ಯಾವ ಏರಿಳಿತವೂ ಇಲ್ಲದೆ ಹೇಳಿದಳು. ಅಶ್ಮಿತಾ ಫೋನಿನಿಂದ ತಲೆಯೆತ್ತಿ, "ಮಮ್ಮಿ, ಇಟ್ಸ್ ನಾಟ್ ಯುವರ್ ಫಾಲ್ಟ್," ಎಂದಳು. ಯಾರ ತಪ್ಪು ಎನ್ನುವುದು ನೋಡದೆ ಗೊತ್ತಾಗುವುದಿಲ್ಲ ಎಂದು ಪುಷ್ಪಾವತಿಗೆ ಅನ್ನಿಸಿತ್ತು. ಶುಕ್ರವಾರ ಬೆಳಿಗ್ಗೆ ನಿಯಾಝನ ಪಿಕಪ್ಪಿನಲ್ಲಿ ಹೊರಟಳು.

ವಫ್ರಾದ ದಾರಿ ನೇರ. ಎಣ್ಣೆಯ ಪೈಪುಗಳು, ಕರೆಂಟಿನ ಕಂಬಗಳು, ಬೇಲಿಯಾಚೆ ಒಂಟೆಗಳು, ಆಮೇಲೆ ಪ್ಲಾಸ್ಟಿಕ್ ಹೊದೆದ ಹಸಿರುಮನೆಗಳ ಸಾಲು. ಬು ತಲಾಲನ ತೋಟದಲ್ಲಿ ಗಿರಣಿ ಒಂದಲ್ಲ, ಎರಡು ಇದ್ದವು. ಬಾವಿಯ ಹತ್ತಿರ ಕಬ್ಬಿಣದ ಕಾಲುಗಳ ಮೇಲೆ ನಿಂತದ್ದು ಅವನ ತಂದೆ ಹಾಕಿಸಿದ್ದು. ತೋಟಕ್ಕೆ ಕರೆಂಟಾಗಲಿ ಡೀಸೆಲ್ ಪಂಪಾಗಲಿ ಬರುವ ಮೊದಲು ಆ ತಗಡಿನ ಚಕ್ರವೇ ನೀರೆತ್ತುತ್ತಿತ್ತು. ಇನ್ನೊಂದು ಕಲ್ಲಿನ ದುಂಡು ಗೋಪುರ. ಬು ತಲಾಲ್ ಪ್ರಾಯದಲ್ಲಿ ಎಣ್ಣೆ ಹಡಗಿನಲ್ಲಿ ಎಂಜಿನಿಯರಾಗಿದ್ದ. ಗ್ರೀಕರ ದ್ವೀಪವೊಂದರಲ್ಲಿ ಪಾಳುಬಿದ್ದಿದ್ದ ಗಿರಣಿಯ ಮರದ ಚಕ್ರ, ಅಚ್ಚು, ಬೀಸುವ ಕಲ್ಲು ಎಲ್ಲವನ್ನೂ ಕೊಂಡು ತಂದು, ಇಲ್ಲಿ ಗೋಪುರ ಕಟ್ಟಿಸಿ ಕೂರಿಸಿದ್ದ. ಗೋಪುರದ ನೆತ್ತಿಯಿಂದ ಎಂಟು ಕೋಲುಗಳು ಬಿಡಿಸಿದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಚಾಚಿದ್ದವು. ಒಂದು ಅರ್ಧಕ್ಕೆ ಮುರಿದಿತ್ತು.

ಬು ತಲಾಲ್ ಗೋಪುರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಮಿತ್ವಲ್ಲಿ ಮೆಟ್ಟಿಲ ಮೇಲಿದ್ದ, ಬಲಗೈಗೆ ಪಟ್ಟಿ.

"ಹಾಯಿ ಹೊಲಿದವಳು ನಾನು," ಎಂದಳು ಪುಷ್ಪಾವತಿ, ತನಗೆ ಬರುವ ಇಂಗ್ಲಿಷಿನಲ್ಲಿ.

ಮಿತ್ವಲ್ಲಿ ಮುಖ ತಿರುಗಿಸಿದ. ಬು ತಲಾಲ್, "ಗಿರಣಿ ತಿರುಗುವುದನ್ನು ನೋಡಿದ್ದೀರಾ?" ಎಂದು ಕೇಳಿದ.

"ಇಲ್ಲ."

"ಬನ್ನಿ ಎಂದು ಹೇಳಿ ಕಳಿಸಿದ್ದೆನಲ್ಲ."

"ಹೌದು. ನಾನೇ ಬರಲಿಲ್ಲ."

"ಸರಿ, ಈಗ ಬಂದಿದ್ದೀರಿ," ಎಂದು ಅವನು ಕೋಲೂರಿ ಎದ್ದ.

ಗೋಪುರದ ಒಳಗೆ ತಂಪಾಗಿತ್ತು, ಹಿಟ್ಟಿನ ವಾಸನೆ ಇತ್ತು. ಕಡಿದಾದ ಮೆಟ್ಟಿಲು ಹತ್ತುತ್ತ ಬು ತಲಾಲ್ ಒಂದೊಂದನ್ನೇ ತೋರಿಸಿದ. ಹೊರಗಿನ ಹಾಯಿಗಳು ಗಾಳಿಗೆ ತಿರುಗಿದರೆ ಅಡ್ಡ ಮಲಗಿದ ಮರದ ಅಚ್ಚು ತಿರುಗುತ್ತದೆ. ಅಚ್ಚಿನ ಮೇಲೆ ಹಲ್ಲುಗಳಿರುವ ದೊಡ್ಡ ಚಕ್ರ. ಅದರ ಹಲ್ಲು ನೆಟ್ಟಗೆ ನಿಂತ ಇನ್ನೊಂದು ಸಣ್ಣ ಚಕ್ರಕ್ಕೆ ಕಚ್ಚಿ, ಬೀಸುವ ಕಲ್ಲನ್ನು ತಿರುಗಿಸುತ್ತದೆ. ಮನೆಯ ಬೀಸುವ ಕಲ್ಲಿನ ಹಾಗೆಯೇ ಕೆಳಗಿನದು ಅಲುಗುವುದಿಲ್ಲ, ಮೇಲಿನದು ಮಾತ್ರ ಸುತ್ತುತ್ತದೆ. ಅದರ ಮೇಲೆ ಗೋಧಿ ತುಂಬುವ ಮರದ ಡಬ್ಬಿ. ಕಾಳು ಮುಗಿಯುತ್ತ ಬಂದಾಗ ಒಂದು ಸಣ್ಣ ಗಂಟೆ ತಾನಾಗಿ ಬಡಿದುಕೊಳ್ಳುತ್ತದೆ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದರೆ ಕಿಡಿ ಹಾರುತ್ತದೆ, ಹಿಟ್ಟಿನ ಧೂಳಿಗೆ ಬೆಂಕಿ ಬೀಳಲು ಅಷ್ಟು ಸಾಕು. ಗಾಳಿಯ ದಿಕ್ಕು ಬದಲಾದರೆ ಗೋಪುರದ ಮಾಡನ್ನೇ ಸನ್ನೆಕೋಲಿನಿಂದ ತಿರುಗಿಸಬೇಕು. ನಿಲ್ಲಿಸಬೇಕಾದರೆ ದೊಡ್ಡ ಚಕ್ರದ ಸುತ್ತ ಇರುವ ಮರದ ಪಟ್ಟಿಯನ್ನು ಹಗ್ಗದಿಂದ ಬಿಗಿಯಬೇಕು. ಆ ಹಗ್ಗದ ಮೇಲೆ ಒಣಗಿದ ರಕ್ತದ ಕಲೆ ಹಾಗೆಯೇ ಇತ್ತು. ಪುಷ್ಪಾವತಿ ಅದನ್ನು ನೋಡಿದಳು.

ಕೆಳಗಿಳಿದು ಬಂದಾಗ ಅವಳು ಕೇಳಿದಳು, "ಹಾಯಿ ಯಾಕೆ ಹರಿಯಿತು?"

"ಅದನ್ನು ಹಾಜಿ ಹೇಳಬೇಕು. ಅವನು ಮೀನುಗಾರರ ಮನೆಯಲ್ಲಿ ಹುಟ್ಟಿದವನು. ನಾನು ಎಂಜಿನಿನವನು, ನನಗೆ ಹಾಯಿ ಅಷ್ಟಕ್ಕಷ್ಟೆ."

ಮಿತ್ವಲ್ಲಿಗೆ ಹೇಳುವ ಮನಸ್ಸಿರಲಿಲ್ಲ. ಅವಳು ಅವನ ಮುಂದೆ ಮೆಟ್ಟಿಲ ಬಳಿ ಹಾಗೆಯೇ ನಿಂತಳು. ಕ್ಷಮೆ ಕೇಳಲಿಕ್ಕೆ ಅವಳಿಗೆ ಅರಬ್ಬಿ ಸಾಲದು, ಅವನಿಗೆ ಇಂಗ್ಲಿಷ್ ಬಾರದು. ಕಡೆಗೆ ಅವನು ಎದ್ದು, ಹಳೆಯ ಹಾಯಿಗಳಲ್ಲಿ ಒಂದನ್ನು ತಂದು, ಎಡಗೈಯಿಂದ ಕೆಳಗಿದ್ದ ಕೋಲೊಂದಕ್ಕೆ ಕಟ್ಟಿದ. ಸಡಿಲ ಮೂಲೆಯ ಹಗ್ಗವನ್ನು ಅವಳ ಕೈಗೆ ಕೊಟ್ಟು, "ಇಮ್ಸಿಕ್. ಪಕ್ಡೋ," ಎಂದ. ಒಂದು ಅವನ ಭಾಷೆ, ಒಂದು ಅವಳಿಗೆ ತಿಳಿದೀತು ಎಂದು.

ಅವಳು ಹಿಡಿದಳು. ಬಡಗಣ ಗಾಳಿ, ಇಲ್ಲಿಯವರು ಶಮಾಲ್ ಎನ್ನುವುದು, ಒಮ್ಮೆಲೇ ಬಂದು ಬಟ್ಟೆಯನ್ನು ತುಂಬಿತು. ಹಗ್ಗ ಅವಳನ್ನು ಎಳೆದುಕೊಂಡೇ ಎರಡು ಹೆಜ್ಜೆ ಮುಂದೆ ತಂದಿತು. ಭುಜದ ಕೀಲು ಕಿತ್ತುಬಂದ ಹಾಗಾಯಿತು. ಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು ನಿಂತಳು. ಆಗ ಮಿತ್ವಲ್ಲಿ ಹತ್ತಿರ ಬಂದು ಅಂಚಿನ ಮೇಲೆ ಬೆರಳಾಡಿಸಿದ. ಬಿಗಿದು ನಿಂತದ್ದು ಅಂಚಿನ ಹಗ್ಗ. ಬಟ್ಟೆ ಅದರ ಒಳಗೆ ಉಬ್ಬಿಕೊಂಡು ನಿರಾಳವಾಗಿತ್ತು. ಹವಾ ಎಂದು ಅವನು ಹಗ್ಗವನ್ನು ತೋರಿಸಿದ, ಬಟ್ಟೆಯನ್ನು ತೋರಿಸಿ ಇಲ್ಲ ಎಂದು ತಲೆಯಾಡಿಸಿದ. ಎಳೆತ ಹೊರಬೇಕಾದದ್ದು ಹಗ್ಗ, ಬಟ್ಟೆಯಲ್ಲ. ಅವಳು ಬೇಡವೆಂದು ಬಿಟ್ಟದ್ದು ಅದನ್ನೇ.

ಆಮೇಲೆ ಅವಳು ಹೊಲಿದ ಹಾಯಿಯ ತುಂಡನ್ನು ತಂದು ಮುಂದೆ ಹಿಡಿದ. ಹರಿದದ್ದು ಹೊಲಿಗೆಯ ಜಾಗದಲ್ಲಿ ಅಲ್ಲ, ಅದರ ಪಕ್ಕದಲ್ಲಿ ಓರೆಯಾಗಿ. ಬಟ್ಟೆ ಉಳಿಸಲು ಅವಳು ತಿರುಗಿಸಿ ಕತ್ತರಿಸಿದ್ದರಿಂದ ನೂಲಿನ ಎಳೆ ಕೋಲಿಗೆ ಕಟ್ಟದ ತೆರೆದ ಅಂಚಿಗೆ ಓರೆಯಾಗಿ ಹೋಗಿತ್ತು. ಗಾಳಿ ಹೊಡೆದಾಗ ಬಟ್ಟೆ ಹಿಗ್ಗಿ, ಪಟಪಟ ಬಡಿದು, ಅಲ್ಲಿಂದಲೇ ಸೀಳಿತ್ತು. ಇದನ್ನು ಅವನು ಹೇಳಬೇಕಾಗಿರಲಿಲ್ಲ. ಅವಳಿಗೇ ಕಂಡಿತು.

ನಿಯಾಝ್ ತರಕಾರಿ ತುಂಬಿಸಿ ಕರೆಯಲು ಬಂದಾಗ ಅವಳು ಎಂಟು ಹಾಯಿಗಳನ್ನೂ ಮತ್ತೆ ತಾನೇ ಹೊಲಿಯುತ್ತೇನೆ, ಇಲ್ಲಿಯೇ ಕೂತು ಹೊಲಿಯುತ್ತೇನೆ ಎಂದು ಬು ತಲಾಲನಿಗೆ ಹೇಳಿಯಾಗಿತ್ತು. "ನಿಮಗೆ ಶುಕ್ರವಾರ ಒಂದೇ ರಜೆ ಅಲ್ವಾ ಪುಷ್ಪಕ್ಕ?" ಎಂದ ನಿಯಾಝ್, ದಾರಿಯಲ್ಲಿ.

"ಹೌದು. ಆ ದಿನ ಬರುದು."

ಹಾಗೆ ಆ ಚಳಿಗಾಲದ ಶುಕ್ರವಾರಗಳು ವಫ್ರಾಕ್ಕೆ ಹೋದವು. ಖರ್ಜೂರ ಕೂಡಿಡುವ ಶೆಡ್ಡಿನ ನೆಲದಲ್ಲಿ ಹತ್ತಿಯ ದಪ್ಪ ಕ್ಯಾನ್ವಾಸ್ ಹಾಸಿ, ಎಳೆ ನೋಡಿ, ತೆರೆದ ಅಂಚಿನುದ್ದಕ್ಕೂ ಎಳೆ ನೇರ ಬರುವ ಹಾಗೆ ಕತ್ತರಿಸಿದಳು. ಬಟ್ಟೆ ಬಹಳ ಹಾಳಾಯಿತು, ಆಗಲಿ ಎಂದಳು. ಹಗ್ಗ ಸೇರಿಸುವ ಕೆಲಸ ಮೆಷಿನಿನದಲ್ಲ. ಮಿತ್ವಲ್ಲಿ ತನ್ನ ಪೆಟ್ಟಿಗೆಯಿಂದ ಅಂಗೈಗೆ ಹಾಕಿಕೊಳ್ಳುವ ತೊಗಲಿನ ಕವಚ ತೆಗೆದು ಕೊಟ್ಟ. ಬೆರಳಿನಿಂದಲ್ಲ, ಆ ಕವಚ ಹಾಕಿದ ಅಂಗೈಯಿಂದಲೇ ಸೂಜಿಯನ್ನು ದೂಡಬೇಕು. ಎಡಗೈಯಲ್ಲಿ ಒಂದು ಹೊಲಿಗೆ ಹಾಕಿ ತೋರಿಸಿದ. ಅವಳು ಹಾಕಿದ್ದನ್ನು ಎಳೆದು ನೋಡಿದ, ಬಿಚ್ಚು ಎಂದ. ಮೊದಲ ದಿನ ಹಾಕಿದ್ದೆಲ್ಲ ಬಿಚ್ಚಿದ್ದೇ ಆಯಿತು. ಆ ವಯಸ್ಸಿನಲ್ಲಿ ಹೊಲಿಗೆ ಬಿಚ್ಚಿಸಿಕೊಳ್ಳುವುದು ಅವಳಿಗೆ ಹೊಸದು. ಮುಖ ಬಿಗಿದುಕೊಂಡು ಬಿಚ್ಚಿದಳು, ಮತ್ತೆ ಹಾಕಿದಳು.

ಇಬ್ಬರ ನಡುವೆ ಮಾತು ಕಡಿಮೆ. ಶ್ವಯ್ಯ ಎಂದರೆ ನಿಧಾನ, ಖಲಾಸ್ ಎಂದರೆ ಸಾಕು, ಹವಾ ಎಂದರೆ ಇಬ್ಬರಿಗೂ ಗಾಳಿಯೇ. ಮಧ್ಯಾಹ್ನ ಅವಳು ತಂದ ಅನ್ನ ಸಾರನ್ನು ಅವನು ಮೊದಲು ಬೇಡವೆನ್ನುತ್ತಿದ್ದ. ಕ್ರಮೇಣ ಎಡಗೈಯಲ್ಲಿ ಚಮಚ ಹಿಡಿದು ತಿನ್ನತೊಡಗಿದ. ಒಮ್ಮೆ ಅಶ್ಮಿತಾಳೂ ಬಂದಳು. ಫೋಟೋ ತೆಗೆದು ಬೇಸರವಾಗಿ ಕೂತವಳನ್ನು ಮಿತ್ವಲ್ಲಿ ಕರೆದು ಹಗ್ಗದ ತುದಿ ಹಿಡಿಸಿದ. ಸಂಜೆ ಮನೆಗೆ ಬರುವಾಗ ಅವಳು, "ಮಮ್ಮಿ, ಯೂ ಆರ್ ಡಿಫರೆಂಟ್ ದೇರ್," ಎಂದಳು.

ಚಳಿಗಾಲ ಮುಗಿಯುವ ಮೊದಲು ಹಾಯಿಗಳು ಸಿದ್ಧವಾದವು, ಮುರಿದ ಕೋಲಿಗೂ ಹೊಸದು ಬಂತು. ಕಟ್ಟಿದ ದಿನ ಗಾಳಿ ಹದವಾಗಿತ್ತು. ಮೊದಲು ಎದುರುಬದುರಿನ ಎರಡು ಹಾಯಿ ಬಿಚ್ಚಿದರು, ಆಮೇಲೆ ನಾಲ್ಕು. ಮಿಕ್ಕವು ಕೋಲಿಗೆ ಸುತ್ತಿಕೊಂಡೇ ಇದ್ದವು. ಗಾಳಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಬಟ್ಟೆ, ಅದೇ ಗಿರಣಿಯವನ ಕೆಲಸ ಎಂದು ಬು ತಲಾಲ್ ಹೇಳಿದ. ಮಿತ್ವಲ್ಲಿ ಬ್ರೇಕು ಸಡಿಲಿಸಿದ. ಕೋಲುಗಳು ಒಮ್ಮೆ ನಡುಗಿ, ಮನಸ್ಸಿಲ್ಲದವರ ಹಾಗೆ ಹೊರಟು, ಆಮೇಲೆ ಒಂದೇ ಲಯಕ್ಕೆ ಬಂದವು. ಒಳಗಿನಿಂದ ಮರದ ಹಲ್ಲುಗಳು ಕಚ್ಚುವ ಸದ್ದು, ಕಲ್ಲಿನ ಗುರುಗುರು. ನೋಡಲು ಬಂದಿದ್ದವರು ಫೋನು ಎತ್ತಿ ಹಿಡಿದರು.

ಪುಷ್ಪಾವತಿ ಎಲ್ಲರಿಂದ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಅವಳು ನೋಡುತ್ತಿದ್ದದ್ದಕ್ಕಿಂತ ಹೆಚ್ಚು ಕೇಳುತ್ತಿದ್ದಳು. ಬಟ್ಟೆ ಹರಿಯುವ ಸದ್ದು ಅವಳಿಗೆ ಗೊತ್ತು, ದಿನಾ ತಾನೇ ಹರಿಯುವವಳು. ಹಾಯಿ ಒಂದೊಂದಾಗಿ ಕೆಳಗೆ ಬಂದು ಹೋದಾಗಲೂ ಅಂಚಿನತ್ತ ಕಿವಿಗೊಡುತ್ತಿದ್ದಳು. ಕಾಳು ಮುಗಿದು ಒಳಗೆ ಗಂಟೆ ಬಡಿದು, ಮಿತ್ವಲ್ಲಿ ಕೂಗಿ ಇನ್ನೊಂದು ಚೀಲ ತರಿಸುವವರೆಗೂ ಏನೂ ಹರಿಯಲಿಲ್ಲ. ಅವನು ಹೊರಬಂದು ಒಂದು ಹಿಡಿ ಹಿಟ್ಟನ್ನು ಅವಳ ಅಂಗೈಗೆ ಸುರಿದ. ಬಿಸಿಯಾಗಿತ್ತು. ಬೆರಳಲ್ಲಿ ಉಜ್ಜಿ ನೋಡಿ, "ಸ್ವಲ್ಪ ತರಿ ಉಂಟು," ಎಂದಳು ಕನ್ನಡದಲ್ಲಿ. ಅವನಿಗೆ ಅರ್ಥವಾಗಲಿಲ್ಲ. ಅವಳು ಸೆರಗಿನ ತುದಿಯಲ್ಲಿ ಅದನ್ನು ಕಟ್ಟಿಕೊಂಡಳು.

ತೋಟದ ಹೆಸರಿಗೆ ಇಕಾಮಾ ಬದಲಾಯಿಸಿಕೊಂಡು ಇಲ್ಲಿಯೇ ಕೆಲಸಕ್ಕೆ ಬನ್ನಿ ಎಂದು ಬು ತಲಾಲ್ ಕೇಳಿದ. ಅವಳು ಒಂದು ವಾರ ಯೋಚಿಸಿ ಬೇಡವೆಂದಳು. ಅಶ್ಮಿತಾಳ ಕಾಲೇಜು ಪೇಟೆಯಲ್ಲಿತ್ತು. ಅಲ್ಲದೆ ಅಂಗಡಿಯ ಬಾಗಿಲು ತೆರೆದಾಗ ಎದುರಿಗೆ ಕಾಣುವ ನಾಲ್ಕು ಮುಖಗಳು ಅವಳಿಗೆ ಬೇಕಾಗಿದ್ದವು. ವರ್ಷಕ್ಕೊಮ್ಮೆ ಹಾಯಿ ಇಳಿಸಿ ನೋಡಿ ಸರಿಮಾಡಿಕೊಡುವುದಕ್ಕೆ ಒಪ್ಪಿದಳು.

ಮಿತ್ವಲ್ಲಿಯ ಬೆರಳುಗಳು ಕೂಡಿಕೊಂಡವು, ಆದರೆ ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಜೋರು ಗಾಳಿಯಲ್ಲಿ ಬ್ರೇಕಿನ ಹಗ್ಗ ಅವನ ಹಿಡಿತಕ್ಕೆ ನಿಲ್ಲದಾಯಿತು. ಬೇಸಿಗೆಗೆ ಅವನು ಊರಿಗೆ ಹೊರಟ, ತಿರುಗಿ ಬರುವುದಿಲ್ಲ ಎಂದು. ಹೋಗುವ ಮೊದಲು ಪುಷ್ಪಾವತಿ ಅವನ ಹೆಂಡತಿಗೆಂದು ಒಂದು ಗಲಾಬಿಯಾ, ಅವರ ಕಡೆಯ ನಿಲುವಂಗಿ, ಹೊಲಿದು ತಂದಳು. ಅವನ ಕೈಯನ್ನು ತೋರಿಸಿ, ಇದು ನನ್ನಿಂದ ಎಂದು ತನ್ನ ಎದೆ ಮುಟ್ಟಿಕೊಂಡಳು. ಅವನು ಬಟ್ಟೆಯ ಅಂಚನ್ನು ತಿರುಗಿಸಿ, ಹೊಲಿಗೆಯನ್ನು ಎಳೆದು ನೋಡಿ, ಮಡಚಿ ಪೆಟ್ಟಿಗೆಗೆ ಹಾಕಿಕೊಂಡ.

ಅವನ ಜಾಗಕ್ಕೆ ಬಂದವನು ಬಾಂಗ್ಲಾದೇಶದ ಶಫೀಕುಲ್, ಅದುವರೆಗೆ ಟೊಮೆಟೊ ಸಾಲು ನೋಡಿಕೊಂಡಿದ್ದವನು. ಗಾಳಿಗೆ ಎಷ್ಟು ಹಾಯಿ ಬಿಚ್ಚಬೇಕು, ಯಾವಾಗ ಸುತ್ತಬೇಕು ಎನ್ನುವುದನ್ನು ಪಕ್ಕದಲ್ಲಿ ನಿಂತು ಪೂರ್ತಿ ನೋಡಿದವರು ಬು ತಲಾಲ್ ಬಿಟ್ಟರೆ ಪುಷ್ಪಾವತಿ ಒಬ್ಬಳೇ. ಅಷ್ಟರಲ್ಲಿ ಬು ತಲಾಲನಿಗೆ ಮೆಟ್ಟಿಲು ಹತ್ತಲು ಆಗದಂತಾಗಿತ್ತು. ಹಾಗಾಗಿ ಅವಳೇ ಕಲಿಸಿದಳು. ಮೊದಲ ದಿನ ಹಗ್ಗ ಅವನ ಕೈಗೆ ಕೊಟ್ಟು ಹಿಡಿ ಎಂದಳು. ಅವನು ಎಳೆಸಿಕೊಂಡು ಮುಂದೆ ಓಡಿದ್ದು ನೋಡಿ ನಗಲಿಲ್ಲ.

ಮರುವರ್ಷ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಅವಳ ಫೋನು ಬಡಿಯಿತು. ಎದುರಿಗೆ ಗಿರಾಕಿಯೊಬ್ಬಳು ಅಳತೆಗೆ ನಿಂತಿದ್ದಳು. ಆಚೆಯಿಂದ ಶಫೀಕುಲ್, ಹಿಂದಿಯಲ್ಲಿ.

"ದೀದಿ, ಶಾಲೆಯ ಬಸ್ಸು ಬಂದಿದೆ. ಹವಾ ಬಹುತ್ ಹೈ. ಎಷ್ಟು ಬಿಚ್ಚಲಿ?"

"ಮರಳು ಏಳ್ತಾ ಇದೆಯಾ?"

"ಸ್ವಲ್ಪ, ದಾರಿಯ ಕಡೆ."

ಫೋನಿನೊಳಗೆ ಗಾಳಿ ಬಡಿಯುವುದು ಕೇಳುತ್ತಿತ್ತು.

"ಎರಡೇ ಬಿಚ್ಚು, ಎದುರುಬದುರು. ಮಕ್ಕಳನ್ನು ಕೋಲಿನ ಹತ್ತಿರ ಬಿಡ್ಬೇಡ. ಜೋರಾದರೆ ನಿಲ್ಲಿಸಿ ಒಳಗಿನ ಕಲ್ಲು ತೋರಿಸು, ಅದೂ ನೋಡುವಂಥದ್ದೇ."

ಫೋನು ಇಟ್ಟು ಟೇಪನ್ನು ಮತ್ತೆ ಕೈಗೆತ್ತಿಕೊಂಡಳು. ಗಿರಾಕಿ ಯಾರದು ಎಂದು ಕೇಳಿದಳು.

"ನಮ್ಮ ಗಿರಣಿಯವನು," ಎಂದಳು ಪುಷ್ಪಾವತಿ. "ಕೈ ಸ್ವಲ್ಪ ಎತ್ತಿ."